ಶಾಲೆಯ ಗಾಡಿಯೂ ಹೆಸರು ಕೂಗದ ಬಹುಮಾನವೂ

ಓದುವ ಹಿರಿಯರಲ್ಲಿ ಮೊದಲೇ ಒಂದು ಮಾತನ್ನು ಅರಿಕೆ ಮಾಡಿಕೊಳ್ಳಬೇಕು. ನನ್ನ ಕೈಬರಹ ಚೆನ್ನಾಗಿಲ್ಲ. ಗಾಡಿ ತಿರುವಿನಲ್ಲಿ ವಾಲಿದಾಗ ಮಕ್ಕಳು ಒಬ್ಬರ ಮೇಲೊಬ್ಬರು ಬೀಳುವಂತೆ ನನ್ನ ಅಕ್ಷರಗಳು ಬೀಳುತ್ತವೆ. ಚರ್ಚಿನ ಪಕ್ಕದ ಶಾಲೆಯಲ್ಲಿ ಧರ್ಮೋಪದೇಶದ ಪುಸ್ತಕವನ್ನು ಅಕ್ಷರ ಕೂಡಿಸಿಕೊಂಡು ಓದುವಷ್ಟು ಕಲಿತೆ. ವಿದ್ಯೆ ಅಲ್ಲಿಗೇ ನಿಂತಿತು. ಕಾಗದದ ಮೇಲೆ ಹೀಗೆ ಬರೆಯಲು ಕುಳಿತದ್ದು ಇದೇ ಮೊದಲು. ಎಲ್ಲಿ ಯಾವ ಮಾತು ಸಲ್ಲುತ್ತದೆ ಎಂಬುದು ನನಗೆ ತಿಳಿಯದು.

ಮೈಸೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಆಯಾ ಆಗಿದ್ದೇನೆ. ಬೆಳಿಗ್ಗೆ ಮುಚ್ಚುಗಾಡಿಯ ಜೊತೆಯಲ್ಲಿ ಹೊರಟು, ಪ್ರತಿಯೊಂದು ಮನೆಯ ಬಾಗಿಲಿಗೂ ಹೋಗಿ ಹುಡುಗಿಯನ್ನು ಕರೆದು, ಗಾಡಿ ಹತ್ತಿಸಿ, ಪರದೆ ಎಳೆದು ಶಾಲೆಗೆ ತರುವುದು ನನ್ನ ಕೆಲಸ. ಸಂಜೆ ಹಾಗೆಯೇ ಹಿಂದಕ್ಕೆ ಬಿಡುವುದು. ಶಾಲೆಯವರು ಕೊಟ್ಟ ನೀಲಿ ಅಂಚಿನ ಸೀರೆ ಉಡುತ್ತೇನೆ. ನಾವು ಕ್ರೈಸ್ತರಾದ್ದರಿಂದ ಹಣೆಗೆ ಏನೂ ಇಡುವುದಿಲ್ಲ. ಎಲ್ಲರೂ ನನ್ನನ್ನು ಆಯಮ್ಮ ಎನ್ನುತ್ತಾರೆ. ಅದಕ್ಕಿಂತ ಹೆಚ್ಚಿನದನ್ನು ಯಾರೂ ಕೇಳಿದ್ದಿಲ್ಲ, ನಾನಾಗಿ ಹೇಳುವ ಸ್ವಭಾವವೂ ನನ್ನದಲ್ಲ.

ನಗುವಂಥ ಸಂಗತಿಗಳು ಶಾಲೆಯಲ್ಲಿ ನಡೆಯುತ್ತಲೇ ಇರುತ್ತವೆ. ನಗುವ ಧೈರ್ಯ ಮಾತ್ರ ಆ ಹೊತ್ತಿನಲ್ಲಿ ಇರುವುದಿಲ್ಲ. ಅದು ಕೆಲವು ವರ್ಷ ಕಳೆದ ಮೇಲೆ ಬರುತ್ತದೆ. ಒಂದೇ ವರ್ಷದಲ್ಲಿ, ಒಬ್ಬಳೇ ಹುಡುಗಿಯಿಂದಾಗಿ ನಡೆದ ಕೆಲವನ್ನು ಇಲ್ಲಿ ಬರೆಯುತ್ತೇನೆ.

ಗಾಡಿಯಲ್ಲಿ ಜಾಗ

ಆ ವರ್ಷ ಮೇಲಿನ ತರಗತಿಗೆ ಲಕ್ಷ್ಮೀಪುರಂನ ಒಬ್ಬ ಹುಡುಗಿ ಹೊಸದಾಗಿ ಬಂದಳು. ಅವಳ ತಂದೆತಾಯಿ ಇಬ್ಬರೂ ಪ್ಲೇಗಿನಲ್ಲಿ ತೀರಿಕೊಂಡಿದ್ದರು. ಬಹಳ ಚಿಕ್ಕವಳಿದ್ದಾಗಲೇ ಮದುವೆ ಮಾಡಿದ್ದರಂತೆ. ಗಂಡನ ಮನೆಯ ಹೊಸಿಲು ತುಳಿಯುವ ಮೊದಲೇ ಆ ಹುಡುಗನೂ ತೀರಿಹೋದ. ದೊಡ್ಡಪ್ಪನ ಮನೆಯಲ್ಲಿ ಬೆಳೆಯುತ್ತಿದ್ದಳು. ಕುಂಕುಮ, ಬಳೆ, ಹೂವು ಹೋಗಿದ್ದವು. ಕೂದಲು ಮಾತ್ರ ಉಳಿದಿತ್ತು. ಹೈಸ್ಕೂಲು ಮುಗಿಯುವವರೆಗೆ ತಡೆಯಿರಿ, ಮುಂದೆ ಉಪಾಧ್ಯಾಯಿನಿಯ ಕೆಲಸ ಸಿಕ್ಕಿದರೆ ತನ್ನ ಅನ್ನವನ್ನು ತಾನು ನೋಡಿಕೊಳ್ಳುತ್ತಾಳೆ ಎಂದು ದೊಡ್ಡಮ್ಮನವರು ಅತ್ತು ಒಪ್ಪಿಸಿದ್ದರು.

ದೊಡ್ಡಪ್ಪನವರು ಕಚೇರಿಯಲ್ಲಿ ಗುಮಾಸ್ತರು. ಒಪ್ಪಿದರು, ಆದರೆ ಜಗಲಿಯ ಮೇಲೆ ನಿಂತು, ನನ್ನ ಎದುರಿಗೇ ಒಂದು ಷರತ್ತು ಹಾಕಿದರು.

“ಓದಲಿ, ಬೇಡ ಅನ್ನೋಲ್ಲ. ಆದ್ರೆ ನಾಲ್ಕು ಜನ ಗಂಡಸರ ಮುಂದೆ ಇವಳ ಹೆಸರು ಕೂಗಿದ ದಿನ ಶಾಲೆ ನಿಂತುಹೋಯ್ತು ಅಂತ ತಿಳ್ಕೊ. ಮಾರನೇ ದಿನ ಕ್ಷೌರದವನು ಬರ್ತಾನೆ.”

ಹುಡುಗಿ ತರಗತಿಗೆ ಮೊದಲಿಗಳು. ಉಳಿದ ಮಕ್ಕಳಿಗೆ ತೇರ್ಗಡೆಯಾಗದೆ ಹೋದೇನೆಂಬ ಭಯ. ಇವಳಿಗೆ ಎಲ್ಲಿ ಬಹುಮಾನ ಬಂದುಬಿಡುತ್ತದೋ ಎಂಬ ಭಯ.

ಗಾಡಿಯಲ್ಲಿ ಅವಳನ್ನು ಎಲ್ಲಿ ಕೂರಿಸಬೇಕೆಂಬುದು ಮೊದಲನೆಯ ತೊಡಕಾಯಿತು. ಮನೆಯಿಂದ ಹೊರಡುವಾಗ ವಿಧವೆಯ ಮುಖ ಎದುರಾಗಬಾರದೆಂಬ ಪದ್ಧತಿಯನ್ನು ಎಲ್ಲರೂ ಬಲ್ಲರು. ಅವಳನ್ನು ಮೊದಲು ಹತ್ತಿಸಿಕೊಂಡರೆ, ಮುಂದಿನ ಮನೆಯ ಹುಡುಗಿ ಪರದೆ ಸರಿಸಿದ ಕೂಡಲೇ ಅವಳ ಮುಖವೇ ಕಾಣುತ್ತದೆ. ಕೊನೆಗೆ ಹತ್ತಿಸಿಕೊಂಡರೆ, ಗಾಡಿ ತುಂಬ ಕುಳಿತವರಿಗೆಲ್ಲ ಒಟ್ಟಿಗೇ ಎದುರಾಗುತ್ತಾಳೆ. ಒಂದು ಮನೆಯ ತಾಯಿ ಮೊದಲು ಎಂದರು, ಇನ್ನೊಂದು ಮನೆಯ ತಾಯಿ ಕೊನೆಗೆ ಎಂದರು, ಮೂರನೆಯವರು ಬೇರೆ ಗಾಡಿಯನ್ನೇ ಗೊತ್ತುಮಾಡಿ ಎಂದರು. ಇವರ ನಡುವೆ ನಾನು ಬಾಗಿಲಿಂದ ಬಾಗಿಲಿಗೆ ನಡೆದು ನಡೆದು ಸೋತೆ. ಹುಡುಗಿ ಮಾತ್ರ ಪುಸ್ತಕವನ್ನು ಎದೆಗೊತ್ತಿಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತಿರುತ್ತಿದ್ದಳು. ಅವಳು ಹೊರಗೆ ಬರುವುದು ಯಾವಾಗಲೂ ಹಿತ್ತಿಲ ಬಾಗಿಲಿನಿಂದಲೇ. ನಾನು ಮುಂಬಾಗಿಲಿಗೆ ಹೋಗಿ ಕರೆಯುತ್ತಿದ್ದೆ. ನನ್ನನ್ನು ಕಂಡೊಡನೆ ದೊಡ್ಡಪ್ಪನವರು ರುಮಾಲು ಸರಿಪಡಿಸಿಕೊಂಡು ಕಚೇರಿಗೆ ಹೊರಟುಬಿಡುತ್ತಿದ್ದರು. ತಡವಾದರೆ ಎಲ್ಲಿ ಆ ಹುಡುಗಿ ಎದುರಾಗುತ್ತಾಳೋ ಎಂದು.

ಕೊನೆಗೆ ಗಾಡಿ ಹೊಡೆಯುವವನೇ ದಾರಿ ತೋರಿಸಿದ. “ಎತ್ಗೆ ಸಕುನ ಗಿಕುನ ಒಂದೂ ಇಲ್ಲ ಕಣಮ್ಮ. ಮುಂದ್ಕೆ, ನನ್ ಬೆನ್ನಿಂದೆ, ಎತ್ನ ಕಡೀಕೆ ಮೊಕ ಮಾಡಿ ಕೂರಿಸ್ಬುಡಿ.”

ಹಾಗೆಯೇ ಮಾಡಿದೆವು. ಹಿಂದಿನ ಪರದೆಯನ್ನು ಬಿಗಿಯಾಗಿ ಕಟ್ಟಿದ್ದರಿಂದ ಉಳಿದ ಹುಡುಗಿಯರು ಕತ್ತಲೆಯಲ್ಲಿ ಬೆವರುತ್ತಾ ಕುಳಿತರು. ಮುಖ ಯಾರಿಗೂ ಕಾಣಬಾರದೆಂದು ಮುಂದೆ ಕೂರಿಸಿದವಳಿಗೆ ಗಾಳಿ, ಬೆಳಕು, ಅಂಗಡಿ ಬೀದಿ, ಆಚೆಗೆ ಬೆಟ್ಟ, ಎಲ್ಲವೂ ಕಂಡಿತು. ಆ ವರ್ಷ ಮೈಸೂರನ್ನು ಕಂಡ ವಿದ್ಯಾರ್ಥಿನಿ ಅವಳೊಬ್ಬಳೇ. ಉಳಿದವರು ಕಂಡದ್ದು ಅವಳ ಬೆನ್ನನ್ನು. ತರಗತಿಯ ಪರೀಕ್ಷೆಗಳಲ್ಲಿಯೂ ಅಷ್ಟೇ.

ಹಾಜರಿಯ ಹೊಗಳಿಕೆ

ನಮ್ಮ ಶಾಲೆಯ ಮುಖ್ಯಸ್ಥರು ಸಮುದ್ರದಾಚೆಯ ಸೀಮೆಯಿಂದ ಬಂದ ಒಬ್ಬ ಮಿಸ್ಸಮ್ಮನವರು. ಬಹಳ ಒಳ್ಳೆಯವರು. ಪಂಡಿತರೊಬ್ಬರಿಂದ ಕನ್ನಡ ಕಲಿತಿದ್ದರಿಂದ, ಕುಡಿಯುವ ನೀರು ಬೇಕಾದರೂ ಶಾಸನ ಓದಿದಂತೆ ಕೇಳುತ್ತಿದ್ದರು. ಮಕ್ಕಳು ಗೈರುಹಾಜರಾಗುವುದನ್ನು ಅವರು ಸಹಿಸುತ್ತಿರಲಿಲ್ಲ. ಆದರೆ ಹೆಣ್ಣುಮಕ್ಕಳ ಶಾಲೆಯಲ್ಲಿ ಗೈರುಹಾಜರಿಗೆ ಕೊರತೆಯೆಲ್ಲಿಯದು? ಗೌರಿ ಹಬ್ಬ, ಅಕ್ಕನ ಸೀಮಂತ, ಚಿಕ್ಕಮ್ಮನ ಮನೆಯ ಆರತಿ, ಯಾರದೋ ನಾಮಕರಣ. ಮದುವೆಯ ತಿಂಗಳುಗಳಲ್ಲಿ ಹುಡುಗಿಯರು ಬೇರೆಯವರ ಮದುವೆಗೆಂದು ಹೋಗುತ್ತಿದ್ದರು. ಕೆಲವರು ತಮ್ಮ ಮದುವೆಗೇ ಹೋಗಿ, ಮತ್ತೆ ಬರುತ್ತಲೇ ಇರಲಿಲ್ಲ. ಜಾಣೆಯರಾಗಿದ್ದ ಇಬ್ಬರು ಹುಡುಗಿಯರು ಆ ವರ್ಷ ಹಾಗೆಯೇ ಹೋದರು. ಗಾಡಿ ಹಗುರವಾಗುತ್ತಾ ಬಂತು. ಸಂತೋಷಪಟ್ಟವು ಎತ್ತುಗಳು ಮಾತ್ರ.

ಒಂದು ದಿನ ಮಿಸ್ಸಮ್ಮನವರು ಎಲ್ಲ ಮಕ್ಕಳನ್ನೂ ಅಂಗಳದಲ್ಲಿ ನಿಲ್ಲಿಸಿ, ಲಕ್ಷ್ಮೀಪುರಂನ ಹುಡುಗಿಯನ್ನು ಮುಂದಕ್ಕೆ ಕರೆದರು. ವರ್ಷದಲ್ಲಿ ಒಂದು ದಿನವೂ ತಪ್ಪಿಸದೆ ಬಂದವಳು ಇವಳೊಬ್ಬಳೇ ಎಂದರು. ಅಲ್ಲಿ ಗಂಡಸರು ಯಾರೂ ಇರಲಿಲ್ಲವಾದ್ದರಿಂದ ಹುಡುಗಿ ಧೈರ್ಯವಾಗಿ ನಿಂತಳು. ತಪ್ಪಿಸದೆ ಬರುವುದು ಹೇಗೆ ಸಾಧ್ಯವಾಯಿತೆಂದು ಮಿಸ್ಸಮ್ಮನವರು ಕೇಳಿದರು.

ಹುಡುಗಿ ನೆಲ ನೋಡುತ್ತಾ, “ಎಲ್ಲಿಗೂ ಯಾರೂ ಕರೆಯೋಲ್ಲ, ಮೇಡಂ” ಎಂದಳು.

ಮಿಸ್ಸಮ್ಮನವರು ಇದನ್ನು ಅವಳ ವಿನಯವೆಂದು ತಿಳಿದು, ಅವಳ ತಲೆಯ ಮೇಲೆ ಕೈಯಿಟ್ಟು, ಗಟ್ಟಿಯಾದ ಧ್ವನಿಯಲ್ಲಿ ಹೇಳಿದರು: “ನೀವೆಲ್ಲರೂ ಆದಷ್ಟು ಬೇಗನೆ ಇವಳಂತೆ ಆಗತಕ್ಕದ್ದು.”

ಮದುವೆಯಾಗಿದ್ದ ಹುಡುಗಿಯರೆಲ್ಲರ ಕೈಯೂ ಒಟ್ಟಿಗೇ ಕತ್ತಿನ ತಾಳಿಗೆ ಹೋಯಿತು. ಚಿಕ್ಕ ತರಗತಿಯವರು ಅಳತೊಡಗಿದರು. ಮರುದಿನ ಮನೆಮನೆಯ ಬಾಗಿಲಲ್ಲಿಯೂ ತಾಯಂದಿರು ನನ್ನನ್ನು ನಿಲ್ಲಿಸಿ, ನಮ್ಮ ಮಗಳಿಗೆ ಶಾಪ ಹಾಕಿದರಂತಲ್ಲ ಎಂದು ಬೈದರು. ಮಿಸ್ಸಮ್ಮನವರಿಗೆ ವಿಷಯವನ್ನು ತಿಳಿಸಲು ಯಾರಿಗೂ ಬಾಯಿ ಬರಲಿಲ್ಲ. ಮುಂದಿನ ವಾರ ಒಬ್ಬರೂ ಗೈರುಹಾಜರಾಗಲಿಲ್ಲ. ಮನೆಯಲ್ಲಿ ಕುಳಿತು ಶಾಪದ ವಿಷಯವನ್ನೇ ದಿನವಿಡೀ ಕೇಳುವುದಕ್ಕಿಂತ ಶಾಲೆಯೇ ಮೇಲೆಂದು ಹುಡುಗಿಯರಿಗೆ ತೋರಿತ್ತು. ತಮ್ಮ ಮಾತು ಫಲಿಸಿತೆಂದು ಮಿಸ್ಸಮ್ಮನವರು ಬಹಳ ಸಂತೋಷಪಟ್ಟರು.

ಯಾರೂ ಮೊದಲು ಬಾರದ ಓಟ

ದಸರೆ ಕಳೆದ ಮೇಲೆ ಲಕ್ಷ್ಮೀಪುರಂನ ಮನೆಯಲ್ಲಿ ಒಳ್ಳೆಯ ಕಾಲ ಬಂತು. ದೊಡ್ಡಪ್ಪನವರಿಗೆ ಶಿರಸ್ತೇದಾರರಾಗಿ ಬಡ್ತಿಯಾಯಿತು. ಬಾಗಿಲಿಗೆ ಹೋದ ನನಗೆ ಲಾಡು ಸಿಕ್ಕಿತು. ಬಹುಕಾಲದಿಂದ ಎಳೆದಾಡುತ್ತಿದ್ದ ಜಮೀನಿನ ವ್ಯಾಜ್ಯದಲ್ಲಿ ಗೆದ್ದರು; ಮತ್ತೊಂದು ಲಾಡು. ಮೊಮ್ಮಗ ಹುಟ್ಟಿದ, ಸಕ್ಕರೆ. ಹಿತ್ತಿಲ ಬಾಗಿಲಲ್ಲಿ ನಿಂತಿರುತ್ತಿದ್ದವಳ ಪಾಲಿಗೆ ಮಾತ್ರ ಕಾಲ ಹಿಂದಿನಂತೆಯೇ ಇತ್ತು.

ಆ ತಿಂಗಳುಗಳಲ್ಲಿಯೇ ಶಾಲೆಯ ಆಟದ ಪಂದ್ಯಗಳು ನಡೆದವು. ಹೆಣ್ಣುಮಕ್ಕಳು ಓಡುವುದನ್ನು ಗಂಡಸರು ನೋಡಬಾರದು. ಆದರೆ ತೀರ್ಪು ಹೇಳಲು ದೊಡ್ಡ ಗಂಡಸರೊಬ್ಬರು ಇಲ್ಲದಿದ್ದರೆ ಪಂದ್ಯಕ್ಕೆ ಗೌರವವಿಲ್ಲ. ಆದ್ದರಿಂದ ನಿವೃತ್ತರಾಗಿದ್ದ ಹಿರಿಯ ಅಧಿಕಾರಿಯೊಬ್ಬರನ್ನು ಕರೆಸಿ, ಅಂಗಳದ ಅಂಚಿನಲ್ಲಿ ಜಮಖಾನದ ಪರದೆ ಕಟ್ಟಿ, ಅದರ ಆಚೆಗೆ ಕುರ್ಚಿ ಹಾಕಿದೆವು. ಅವರ ಜೊತೆಗೆ ಕೆಲವು ಹುಡುಗಿಯರ ತಂದೆಯಂದಿರೂ ಕುಳಿತರು. ಓಟದಲ್ಲಿ ಮೊದಲು ಬಂದವಳ ಹೆಸರನ್ನು ಈಚೆಯಿಂದ ಹುಡುಗಿಯರೆಲ್ಲ ಕೂಗಬೇಕು. ಅದನ್ನು ಕೇಳಿ ಅವರು ಆಚೆಯಿಂದ ತೀರ್ಪು ಹೇಳಬೇಕು.

ಲಕ್ಷ್ಮೀಪುರಂನ ಹುಡುಗಿಗೆ ಓಡುವ ಮನಸ್ಸಿರಲಿಲ್ಲ. ಡ್ರಿಲ್ ಹೇಳಿಕೊಡುವ ಉಪಾಧ್ಯಾಯಿನಿ ಬಿಡಲಿಲ್ಲ. ಕೊನೆಯವಳಾಗಿ ಬರುತ್ತೇನೆ ಆಯಮ್ಮ, ಹೆದರಬೇಡಿ ಎಂದು ನನಗೆ ಹೇಳಿ ಸಾಲಿನಲ್ಲಿ ನಿಂತಳು. ಸೀಟಿ ಊದಿದಾಗ ಹಿಂದೆಯೇ ಉಳಿದಳು. ಆಮೇಲೆ ಏನಾಯಿತೋ ನಾನು ಹೇಳಲಾರೆ. ತಿಂಗಳುಗಟ್ಟಲೆ ಹಿತ್ತಿಲಿನಿಂದ ಗಾಡಿಗೆ, ಗಾಡಿಯಿಂದ ಹಿತ್ತಿಲಿಗೆ ತಲೆ ತಗ್ಗಿಸಿ ನಡೆದ ಕಾಲುಗಳು ಅವು. ಎದುರಿಗೆ ಬಯಲು ಕಂಡಾಗ ಅವಳ ಮಾತನ್ನು ಕೇಳಲಿಲ್ಲ. ಎಲ್ಲರನ್ನೂ ಹಿಂದೆ ಹಾಕಿ, ಮೊದಲು ಬಂದು, ಹಗ್ಗ ಹಿಡಿದು ನಿಂತ ಮೇಲೆ ಅವಳಿಗೆ ತಾನು ಮಾಡಿದ್ದು ತಿಳಿಯಿತು.

ಪರದೆಯ ಆಚೆಯಿಂದ, “ಯಾರಮ್ಮ ಮೊದಲು ಬಂದದ್ದು?” ಎಂದು ಕೇಳಿದರು.

ಗಾಡಿಯ ಕತ್ತಲೆಯಲ್ಲಿ ಅವಳ ಬೆನ್ನನ್ನೇ ನೋಡುತ್ತಾ ಬೆವರಿದ ಹುಡುಗಿಯರು ಅವರು. ಅವಳಿಗೆ ಹಾಕಿದ್ದ ಷರತ್ತು ಎಲ್ಲರಿಗೂ ಗೊತ್ತಿತ್ತು. ಒಬ್ಬಳೂ ಬಾಯಿ ಬಿಡಲಿಲ್ಲ. ಮತ್ತೆ ಕೇಳಿದರು, ಆಗಲೂ ಇಲ್ಲ. ಎರಡನೆಯವಳು ಯಾರೆಂದಾಗ ಅವಳ ಹೆಸರನ್ನು ಮರದ ಕಾಗೆಗಳು ಹಾರುವಂತೆ ಕೂಗಿದರು. ಮೂರನೆಯವಳ ಹೆಸರನ್ನೂ ಹಾಗೆಯೇ.

ಹಿರಿಯರು ಬಹಳ ಹೊತ್ತು ಯೋಚಿಸಿ, ಎದ್ದು ನಿಂತು ತೀರ್ಪು ಹೇಳಿದರು: ಎರಡನೆಯ ಮತ್ತು ಮೂರನೆಯ ಬಹುಮಾನಗಳನ್ನು ಕೊಡಬಹುದು, ಈ ಓಟದಲ್ಲಿ ಮೊದಲು ಯಾರೂ ಬಂದಿಲ್ಲ. ಆಮೇಲೆ ತಮ್ಮ ಪಕ್ಕದಲ್ಲಿ ಕುಳಿತವರಿಗೆ, “ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಕಣ್ರೀ. ಯಾರಾದ್ರೂ ಒಬ್ರು ಮೊದಲು ಬಂದೇ ಬರ್ತಿದ್ರು” ಎಂದು ವ್ಯಸನಪಟ್ಟರು.

ಕುಂಕುಮದ ಭರಣಿ

ವರ್ಷದ ಕೊನೆಗೆ, ದೊಡ್ಡ ಪರೀಕ್ಷೆಗೆ ಸ್ವಲ್ಪ ಮೊದಲು, ಬಹುಮಾನ ಹಂಚುವ ಸಮಾರಂಭ. ಶಾಲೆಗೆಲ್ಲ ಮೊದಲಿಗಳಾದವಳಿಗೆ ಊರಿನ ಶ್ರೀಮಂತ ಗೃಹಿಣಿಯೊಬ್ಬರು ಬೆಳ್ಳಿಯ ಭರಣಿಯನ್ನು, ಅದರ ತುಂಬ ಕುಂಕುಮವನ್ನು ಹಾಕಿ, ತಮ್ಮ ಕೈಯಿಂದಲೇ ಕೊಡುವ ಪದ್ಧತಿಯಿತ್ತು. ಆ ಸಲದ ಮೊದಲಿಗಳು ಯಾರೆಂಬುದನ್ನು ಬರೆಯಬೇಕಾಗಿಲ್ಲ.

ಉಪಾಧ್ಯಾಯಿನಿಯರ ಕೋಣೆಯಲ್ಲಿ ನಡೆದ ಗಾಬರಿಯನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ವಿಧವೆಗೆ ಕುಂಕುಮ ಕೊಡುವುದು ಹೇಗೆ? ಕೊಡದಿದ್ದರೆ ದಾನಿಗಳಿಗೆ ಹೇಳುವುದೇನು? ಹೆಸರು ಕೂಗಿದರೆ ಹುಡುಗಿಯ ಗತಿಯೇನು? ದೊಡ್ಡಪ್ಪನವರು ಶಿರಸ್ತೇದಾರರಾದ ಮೇಲೆ ಇಂಥ ಸಮಾರಂಭಗಳಿಗೆ ತಪ್ಪದೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಆಗ ಮೊದಲ ಬಾರಿಗೆ ಮಿಸ್ಸಮ್ಮನವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಅವರು ಅಂಗಳದಲ್ಲಿ ತಾವಾಡಿದ ಮಾತನ್ನು ನೆನೆದು ಸ್ವಲ್ಪ ಹೊತ್ತು ಮುಖ ಮುಚ್ಚಿಕೊಂಡು ಕುಳಿತರು. ಕೈ ತೆಗೆದಾಗ ಕಣ್ಣೆದುರಿಗೆ ಕಂಡವಳು ನಾನು.

“ಬಹುಮಾನವನ್ನು ಈಕೆ ಸ್ವೀಕರಿಸುವಳು” ಎಂದರು.

ಬೇಡವೆಂದೆ; ಯಾರೂ ಕೇಳಲಿಲ್ಲ. ಸಭೆಯಲ್ಲಿ ಮಿಸ್ಸಮ್ಮನವರು ಎದ್ದು, ಪ್ರಥಮ ಬಹುಮಾನವನ್ನು ನಮ್ಮ ಶಾಲೆಯ ಒಬ್ಬಾಕೆ ಪಡೆಯುವಳು ಎಂದಷ್ಟೇ ಹೇಳಿದರು. ನಾನು ನೀಲಿ ಅಂಚಿನ ಸೀರೆಯ ಸೆರಗು ಹೊದ್ದು, ಮೆಟ್ಟಿಲು ಎಡವಿ ವೇದಿಕೆ ಹತ್ತಿದೆ. ಮುಂದೆ ಗಂಡಸರ ರುಮಾಲುಗಳ ಸಾಲು. ದಾನಿಗಳಾದ ಅಮ್ಮನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹೇಗೆ ತಿಳಿದುಕೊಂಡರೋ, ಅವರ ಕಣ್ಣಲ್ಲಿ ನೀರು ಬಂತು.

“ಈ ವಯಸ್ಸಿನಲ್ಲಿ, ಸಂಸಾರ ನೋಡ್ಕೊಂಡು, ಚಿಕ್ಕ ಹುಡುಗೀರ ಜೊತೆ ಕೂತು ಓದಿ ಮೊದಲು ಬಂದಿದೀರಲ್ಲಮ್ಮ” ಎಂದು ನನ್ನ ಕೈ ಹಿಡಿದುಕೊಂಡರು. ಸಭೆಯ ಕಡೆಗೆ ತಿರುಗಿ, ಹೆಂಗಸರು ನನ್ನನ್ನು ನೋಡಿ ಕಲಿಯಬೇಕೆಂದು ಬಹಳ ಹೊತ್ತು ಮಾತಾಡಿದರು. ನಾನು ಮುಂದೆ ಕಾಲೇಜಿಗೂ ಸೇರಬೇಕೆಂದರು. ಭರಣಿಯಿಂದ ಕುಂಕುಮ ತೆಗೆದು, ಆ ತನಕ ಕುಂಕುಮವನ್ನೇ ಕಾಣದ ನನ್ನ ಹಣೆಗಿಟ್ಟು, ಮುತ್ತೈದೆಯಾಗಿ ನೂರು ಕಾಲ ಬಾಳಿ ಎಂದು ಹರಸಿದರು. ನಾನು ತಲೆ ಬಾಗಿಸಿದೆ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ದೊಡ್ಡಪ್ಪನವರು.

ಭರಣಿಯನ್ನು ಒಳಗೆ ತಂದು ಹುಡುಗಿಯ ಕೈಗೆ ಕೊಟ್ಟೆ. ಅವಳು ಮುಚ್ಚಳ ತೆರೆದು ಕುಂಕುಮವನ್ನು ನೋಡಿದಳು, ನನ್ನ ಹಣೆಯನ್ನು ನೋಡಿದಳು. “ಕಾಲೇಜಿಗೆ ಗಾಡಿ ಬರೋಲ್ಲ, ಆಯಮ್ಮ. ನಡ್ಕೊಂಡೇ ಹೋಗ್ಬೇಕು ನೀವು” ಎಂದಳು. ಆ ವರ್ಷ ಅವಳು ನಕ್ಕದ್ದನ್ನು ಕಂಡದ್ದು ಅದೇ ಮೊದಲು.

ಬಾಗಿಲಲ್ಲಿ ಕಂಡ ಮುಖ

ಮರುದಿನ ಬೆಳಿಗ್ಗೆ ಎಂದಿನಂತೆ ಮುಂಬಾಗಿಲಿಗೆ ಹೋದೆ. ದೊಡ್ಡಪ್ಪನವರು ರುಮಾಲು ಕಟ್ಟಿ ಜಗಲಿಯ ಮೇಲೆ ನಿಂತಿದ್ದರು, ಆದರೆ ಹೊರಡಲಿಲ್ಲ.

“ಗಾಡಿ ಮುಂದಕ್ಕೆ ಹೊಡೀಲಿ ಆಯಮ್ಮ. ನಮ್ಮ ಹುಡುಗಿ ಇನ್ನು ಬರೋಲ್ಲ.”

ಏಕೆಂದು ಕೇಳಿದೆ.

“ಏಕೆ ಅಂದ್ರೆ? ವರ್ಷವೆಲ್ಲ ಎಣ್ಣೆ ಸುಟ್ಟು ಓದಿದಳು. ಕರೆಯೋಕೆ ಬರೋ ನಿನಗೆ ಬೆಳ್ಳಿ ಭರಣಿ ಬಂತು, ಇವಳಿಗೆ ಒಂದು ಬಳಪದ ಚೂರೂ ಇಲ್ಲ. ದಡ್ಡಿಗೆ ಯಾಕೆ ಬೇಕು ಪರೀಕ್ಷೆ? ಗುರುವಾರ ಕ್ಷೌರದವನಿಗೆ ಬಾ ಅಂದಿದೀನಿ.”

ಬಹುಮಾನ ಬಂದರೆ ಶಾಲೆ ಬಿಡಿಸುತ್ತೇನೆಂದಿದ್ದವರು, ಬಾರದಿದ್ದುದಕ್ಕಾಗಿ ಬಿಡಿಸುತ್ತಿದ್ದರು. ನಿಜ ಹೇಳಿದರೂ ಹುಡುಗಿ ಉಳಿಯಳು, ಹೇಳದಿದ್ದರೂ ಉಳಿಯಳು. ಒಳಬಾಗಿಲ ಹಿಂದೆ ದೊಡ್ಡಮ್ಮನವರ ಬಳೆಯ ಸದ್ದು ಕೇಳಿಸಿತು. ಹಿತ್ತಿಲ ಕಡೆಯಿಂದ ಏನೂ ಕೇಳಿಸಲಿಲ್ಲ.

ನಾನು ಜಾಣೆಯಲ್ಲ. ಉಪಾಯ ಮಾಡಿ ಆಡಿದ ಮಾತಲ್ಲ ಅದು. ದುಃಖ ತಡೆಯಲಾರದೆ ಬಾಯಿಂದ ಬಂತು. “ಆಗಲಿ ಸ್ವಾಮಿ. ಹಾಗಾದ್ರೆ ಇನ್ನು ನಾನೂ ಈ ಬಾಗಿಲಿಗೆ ಬರೋದಿಲ್ಲ. ನಿಮಗೂ ಒಳ್ಳೇದೇ ಆಯ್ತು. ನಾನೂ ಗಂಡ ಸತ್ತವಳೇ.”

ದೊಡ್ಡಪ್ಪನವರು ಒಂದು ಹೆಜ್ಜೆ ಹಿಂದಕ್ಕೆ ಹೋದರು. “ಏನಂದೆ?”

ಎರಡನೆಯ ಮಗ ಹೊಟ್ಟೆಯಲ್ಲಿದ್ದಾಗಲೇ ನಮ್ಮವರು ತೀರಿಕೊಂಡರೆಂದೆ. ಆ ಮಗ ಈಗ ದುಡಿಯುತ್ತಿದ್ದಾನೆಂದೂ ಹೇಳಿದೆ.

“ಮತ್ತೆ ದಿನಾ ಬೆಳಿಗ್ಗೆ ನಾನು ಹೊರಡೋವಾಗ ಎದುರಿಗೆ…”

“ನಾನೇ ಸ್ವಾಮಿ.”

ಅವರು ಕುಸಿದು ಜಗಲಿಯ ಮೇಲೆ ಕುಳಿತರು. ಈಗ ಬಾಗಿಲಿಗೆ ನೀರು ಹಾಕಿ ತೊಳೆಸುತ್ತಾರೆ, ಶಾಲೆಗೆ ದೂರು ಹೋಗುತ್ತದೆ, ನನ್ನ ಕೆಲಸ ಹೋಯಿತು ಎಂದುಕೊಂಡೆ. ಆದರೆ ಅವರು ನನ್ನನ್ನು ನೋಡುತ್ತಿರಲಿಲ್ಲ. ಬೆರಳು ಮಡಿಸುತ್ತಿದ್ದರು. ಬಡ್ತಿ ಎಂದು ಒಂದು ಬೆರಳು. ವ್ಯಾಜ್ಯ ಎಂದು ಒಂದು. ಮೊಮ್ಮಗ ಎಂದು ಒಂದು. ಅಲ್ಲಿಗೆ ಕೈ ತಡೆಯಿತು.

ಬಾಗಿಲ ಹಿಂದಿನಿಂದ ದೊಡ್ಡಮ್ಮನವರು ಮೆಲ್ಲಗೆ, “ಹೋದ ವರ್ಷದವರೆಗೆ ಹಾಲಿನವಳು ಎದುರಿಗೆ ಬರ್ತಿದ್ದಳು. ಪಾಪ, ಒಳ್ಳೆ ಮುತ್ತೈದೆ. ನೀವು ಗುಮಾಸ್ತರಾಗೇ ಇದ್ರಿ” ಎಂದರು.

ದೊಡ್ಡಪ್ಪನವರು ಎದ್ದು ಪಂಚೆ ಕೊಡವಿಕೊಂಡರು. ರುಮಾಲನ್ನು ಬಿಚ್ಚಿ ಮತ್ತೆ ಕಟ್ಟಿದರು. ಆಮೇಲೆ ನನ್ನ ಮುಖವನ್ನು, ಆ ವರ್ಷದಲ್ಲಿ ಮೊದಲ ಸಲ, ನೆಟ್ಟಗೆ ಪೂರ್ತಿಯಾಗಿ ನೋಡಿದರು.

“ಗಾಡಿ ನಿಲ್ಲಿಸು. ಹುಡುಗಿ ಬರ್ತಾಳೆ” ಎಂದರು. ಮೆಟ್ಟಿಲಿಳಿದವರು ತಿರುಗಿ, “ನಾಳೆ ತಡ ಮಾಡ್ಬೇಡ” ಎಂದೂ ಸೇರಿಸಿದರು.

ಗುರುವಾರ ಕ್ಷೌರದವನು ಹೇಳಿದ ಹೊತ್ತಿಗೆ ಸರಿಯಾಗಿ ಬಂದನಂತೆ. ಕರೆಸಿದವನನ್ನು ಬರಿದೆ ಕಳಿಸುವುದು ಸರಿಯಲ್ಲವೆಂದು ದೊಡ್ಡಪ್ಪನವರು ತಾವೇ ಅವನ ಮುಂದೆ ತಲೆ ಬಗ್ಗಿಸಿ ಕುಳಿತರಂತೆ.

ಹುಡುಗಿ ಪರೀಕ್ಷೆಗೆ ಕುಳಿತಳು, ತೇರ್ಗಡೆಯಾದಳು, ತರಬೇತಿ ಮುಗಿಸಿ ಈಗ ಬೇರೆ ಊರಿನಲ್ಲಿ ಉಪಾಧ್ಯಾಯಿನಿಯಾಗಿದ್ದಾಳೆ. ಆ ಬೆಳ್ಳಿಯ ಭರಣಿಯಲ್ಲಿ ಸೀಮೆಸುಣ್ಣದ ತುಂಡುಗಳನ್ನು ಇಟ್ಟುಕೊಂಡಿದ್ದಾಳೆ. ದೊಡ್ಡಪ್ಪನವರ ಮನಸ್ಸು ಬದಲಾಯಿತೆಂದು ಯಾರೂ ತಿಳಿಯಬಾರದು. ರಜೆಯಲ್ಲಿ ಅವಳು ಬಂದರೆ ಇಂದಿಗೂ ಹಿತ್ತಿಲ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಅವರು ಹೊರಡುವಾಗ ಎದುರಿಗೆ ಬರುವಂತಿಲ್ಲ.

ಅವಳು ಓದು ಮುಗಿಸಿದ ಮೇಲೆ ಆ ಮನೆಯ ಮುಂದೆ ಗಾಡಿ ನಿಲ್ಲಲು ಕಾರಣವಿರಲಿಲ್ಲ. ಶಾಲೆ ತೆರೆದ ವಾರದಲ್ಲಿಯೇ ದೊಡ್ಡಪ್ಪನವರು ತಮ್ಮ ಹಿರಿಯ ಮಗನ ಮಗಳನ್ನು ಕೈಹಿಡಿದುಕೊಂಡು ಬಂದು ಮಿಸ್ಸಮ್ಮನವರ ಮುಂದೆ ನಿಂತರು. ಮಗುವಿಗೆ ಇನ್ನೂ ಸೀರೆಯಿರಲಿ, ಲಂಗ ಕಟ್ಟಿಕೊಳ್ಳಲೂ ಬಾರದು. ಇಷ್ಟು ಚಿಕ್ಕವರನ್ನು ಸೇರಿಸಿಕೊಳ್ಳುವುದಿಲ್ಲವೆಂದು ಮಿಸ್ಸಮ್ಮನವರು ಹೇಳಿದಾಗ, ಹೆಣ್ಣುಮಕ್ಕಳಿಗೆ ವಿದ್ಯೆ ಎಷ್ಟು ಬೇಗ ಆರಂಭವಾದರೆ ಅಷ್ಟು ಒಳ್ಳೆಯದೆಂದು ಅವರೇ ಒಂದು ಭಾಷಣ ಮಾಡಿದರು. ಸೇರಿಸಿದ್ದೂ ಆಯಿತು. ಆ ಮಗುವನ್ನು ಕರೆಯಲಿಕ್ಕೆ ದಿನವೂ ನಾನು ಹೋಗುತ್ತೇನೆ. ಮಗು ಬಹುತೇಕ ನಿದ್ರೆಯಲ್ಲಿಯೇ ಇರುತ್ತದೆ. ಎಚ್ಚರವಾಗಿ, ರುಮಾಲು ಕಟ್ಟಿ, ಸಿದ್ಧವಾಗಿ ಬಾಗಿಲಲ್ಲಿ ನನಗಾಗಿ ಕಾದಿರುವವರು ದೊಡ್ಡಪ್ಪನವರು. ಅವರಿಗೆ ಇನ್ನೊಂದು ಬಡ್ತಿ ಬಾಕಿಯಿದೆ.

ನನಗೆ ತಿಳಿದಷ್ಟನ್ನು ತಿಳಿದಂತೆ ಬರೆದಿದ್ದೇನೆ. ಅಕ್ಷರದಲ್ಲಿಯೂ ಮಾತಿನಲ್ಲಿಯೂ ತಪ್ಪುಗಳು ಬಹಳ ಇರಬಹುದು. ಓದಿದವರು ದಯವಿಟ್ಟು ಕ್ಷಮಿಸಬೇಕು.